ಶಸ್ತ್ರವಿಲ್ಲದ ದಾಳಿ

ಕನ್ನಡ ಪಾಠ ಹೇಳುವವನಿಗೆ ರಾಷ್ಟ್ರ ರಾಷ್ಟ್ರಗಳ ನ್ಯಾಯದ ಗೊಡವೆ ಏಕೆಂದು ಮಿತ್ರರು ಕೇಳುತ್ತಾರೆ. ನನ್ನನ್ನು ಅಲ್ಲಿಗೆ ಎಳೆದದ್ದು ಒಂದು ಶಬ್ದ. 1945ರ ವಿಶ್ವಸಂಸ್ಥೆಯ ಸನ್ನದು, ತನ್ನ 51ನೆಯ ವಿಧಿಯಲ್ಲಿ, 'ಸಶಸ್ತ್ರ ದಾಳಿ' ನಡೆದಾಗ ಆತ್ಮರಕ್ಷಣೆಯ ಹಕ್ಕುಂಟು ಎನ್ನುತ್ತದೆ. ಹಿಡಿದು ಹೊಡೆಯುವುದು ಶಸ್ತ್ರ, ಎಸೆದು ಹೊಡೆಯುವುದು ಅಸ್ತ್ರ ಎಂದು ನಮ್ಮ ಹಿರಿಯರು ಬೇರೆ ಮಾಡಿದ್ದರು. ಹಿಡಿಯಲು ಸಿಕ್ಕದ, ಎಸೆದವನೂ ಕಾಣದ ಮೂರನೆಯದಕ್ಕೆ ಹೆಸರಿಡುವ ಪ್ರಸಂಗ ಅವರಿಗೆ ಬಂದಿರಲಿಲ್ಲ.

ಅದು ಬಂದದ್ದು ಸುಮಾರು 13 ಲಕ್ಷ ಜನರ ಎಸ್ಟೋನಿಯಾಕ್ಕೆ, 2007ರ ಏಪ್ರಿಲ್‌ನಲ್ಲಿ. ರಾಜಧಾನಿ ಟ್ಯಾಲಿನ್ನಿನ ನಡುವೆ ನಿಂತಿದ್ದ ಸೋವಿಯತ್ ಸೈನಿಕನ ಕಂಚಿನ ಪ್ರತಿಮೆಯನ್ನು ಸರ್ಕಾರ ಸೈನಿಕರ ಸ್ಮಶಾನಕ್ಕೆ ಸಾಗಿಸಿತು. ಬೀದಿಯಲ್ಲಿ ಗಲಭೆಯಾಯಿತು. ಬೆನ್ನಿಗೇ ಬ್ಯಾಂಕು, ಪತ್ರಿಕೆ, ಸರ್ಕಾರಿ ಕಚೇರಿಗಳ ಕಂಪ್ಯೂಟರುಗಳ ಮೇಲೆ ಸುಳ್ಳು ಕೋರಿಕೆಗಳ ಜಡಿಮಳೆ. ಸುಮಾರು ಮೂರು ವಾರ. ಎಸ್ಟೋನಿಯಾ ರಷ್ಯದ ಕಡೆ ಬೆರಳು ತೋರಿತು, ರಷ್ಯ ಅಲ್ಲಗಳೆಯಿತು. ಮಳೆಗರೆದ ಯಂತ್ರಗಳೋ, ಒಡೆಯರಿಗೇ ತಿಳಿಯದೆ ಪರರ ವಶವಾಗಿದ್ದ, ಹಲವು ದೇಶಗಳ ಯಂತ್ರಗಳು.

ನಮ್ಮ ವೀರಗಲ್ಲುಗಳಲ್ಲಿ ತುರುಗೋಳಿನ ಕಥೆಗಳಿವೆ. ದನ ಹೊಡೆದುಕೊಂಡು ಹೋದವರ ಜಾಡು ನೆಲದ ಮೇಲಿರುತ್ತಿತ್ತು. ಬಂಟ ಬೆನ್ನಟ್ಟಿ ಕಾದಿದ, ಮಡಿದ, ಕಲ್ಲಾದ. ಇಲ್ಲಿ ಬೆನ್ನಟ್ಟುವುದು ಯಾರನ್ನು? ಆಳು ತಪ್ಪಿ ಮತ್ತೊಬ್ಬನ ಮೇಲೆ ಬಿದ್ದರೆ ಆಕ್ರಮಣ ನಮ್ಮದೇ ಆದೀತು.

ನ್ಯಾಯಶಾಸ್ತ್ರ ಕೈಕಟ್ಟಿ ಕುಳಿತಿಲ್ಲ. ರಷ್ಯ, ಅಮೆರಿಕ, ಚೀನ, ಎಸ್ಟೋನಿಯಾ, ಭಾರತ ಮೊದಲಾದ ದೇಶಗಳವರಿದ್ದ ವಿಶ್ವಸಂಸ್ಥೆಯ ತಜ್ಞರ ಗುಂಪು, ಸನ್ನದು ಇಲ್ಲಿಗೂ ಅನ್ವಯಿಸುತ್ತದೆಂದು 2013ರಲ್ಲಿ ಒಪ್ಪಿತು. ಅದೇ ವರ್ಷ ಹೊರಬಂದ ಪಂಡಿತರ 'ಟ್ಯಾಲಿನ್ ಕೈಪಿಡಿ', ಆಯುಧ ಯಾವುದೆಂದಲ್ಲ, ಹಾನಿ ಎಷ್ಟೆಂದು ನೋಡಿ ಎಂದಿತು. 2015ರಲ್ಲಿ 11 ನಡವಳಿಕೆಯ ಸೂತ್ರಗಳು ಬಂದವು: ಪರದೇಶದ ಜನಜೀವನಕ್ಕೆ ಆಧಾರವಾದ ವ್ಯವಸ್ಥೆಗಳನ್ನು ಕೆಡಿಸಬಾರದು, ತನ್ನ ನೆಲವನ್ನು ತಿಳಿದೂ ಇಂಥ ಕೆಲಸಕ್ಕೆ ಬಿಡಬಾರದು. ಆದರೆ ಕೈಪಿಡಿ ಒಪ್ಪಂದವಲ್ಲ, ಸೂತ್ರಗಳು ಸ್ವಇಚ್ಛೆಯವು.

ಆ ಕೋರಿಕೆಗಳ ಮಳೆಯಲ್ಲಿ ಯಾರೂ ಸಾಯಲಿಲ್ಲ. ಕೈಪಿಡಿಯ ಅಳತೆಗೋಲಿಗೆ ಅದು ಸಶಸ್ತ್ರ ದಾಳಿಯಾಗಿ ನಿಲ್ಲುವುದು ಕಷ್ಟ. ಗೋಲನ್ನು ತಗ್ಗಿಸಿದರೆ ಚೆನ್ನವೆಂದು ನೊಂದವರಿಗೆ ಅನ್ನಿಸುವುದು ಸಹಜ. ನನ್ನ ಸಂಬಳವೂ ಇಂಥದೇ ಯಂತ್ರದಲ್ಲಿದೆ. ಒಂದು ತಿಂಗಳು ಅದು ಸಿಕ್ಕದೆಹೋದರೆ ನಾನೂ ಕೂಗಾಡಿಯೇನು. ಆದರೂ, ಯಾರೆಂದು ತಿಳಿಯದವನ ಮೇಲೆ ನನ್ನ ಹೆಸರಿನಲ್ಲಿ ತೋಪು ಹಾರುವುದು ಬೇಡ. ಶಬ್ದವನ್ನು ಹಿಗ್ಗಿಸುವ ಮೊದಲು, ಇಂಥವನೇ ಮಾಡಿದನೆಂದು ತೋರಿಸುವ ಸಾಕ್ಷ್ಯಕ್ಕೆ ಎಲ್ಲರೂ ಒಪ್ಪುವ ಕಟ್ಟಳೆ ಬೇಕು. ಚಿಕ್ಕ ದೇಶಕ್ಕೆ ಆಸರೆಯಾಗುವುದು ಆ ಕಟ್ಟಳೆಯೇ. ದೊಡ್ಡವರಿಗೆ ತೋಪು ಹೇಗೂ ಇದೆ.