ಕೂಗೋ ಗಾಡಿಗೆ 290 ಪೌಂಡ್ ಕೊಡಬೇಕಾ?

ಹೋದ ತಿಂಗಳು ನಮ್ಮ ಆಸ್ಪತ್ರೆಗೆ ಹೊಸದಾಗಿ ಸೇರಿದ ಚಿತ್ರದುರ್ಗದ ಹುಡುಗನೊಬ್ಬ ಸಿಬಿಟಿ ಮುಗಿಸಿಕೊಂಡು 125 ಸಿಸಿ ಸ್ಕೂಟರ್ ಬುಕ್ ಮಾಡೋಕೆ ಶೋರೂಮಿಗೆ ಹೋಗಿದ್ದ. ಅಲ್ಲಿಂದಲೇ ಫೋನು. "ಅಣ್ಣಾ, ಕಂಪನಿ ಅಲಾರಾಂ ಹಾಕಿಸ್ಕೊಳ್ಳಿ ಅಂತಿದಾರೆ. ಫಿಟಿಂಗ್ ಸೇರಿ 290 ಪೌಂಡಂತೆ. ಹಾಕಿಸ್ಲಾ, ಬೇಡ್ವಾ?" ಈ ಪ್ರಶ್ನೆಯನ್ನ ನನಗೆ ಕೇಳಿದವರಲ್ಲಿ ಅವನು ನಾಲ್ಕನೆಯವನು. ಇನ್ನೂ ಕೇಳೋರು ಇರ್ತಾರೆ ಅಂತ ಇಲ್ಲಿ ಬರೀತಿದೀನಿ.

ನಮ್ಮಂಥ ಪಾಳಿ ಕೆಲಸದವರಿಗೆ ಲಂಡನ್‌ನಲ್ಲಿ ಸ್ಕೂಟರ್ ಶೋಕಿಯಲ್ಲ. ಬೆಳಿಗ್ಗೆ ಏಳೂವರೆ ಡ್ಯೂಟಿಗೆ ಎರಡು ಬಸ್ ಬದಲಾಯಿಸಿದರೆ ನನಗೆ ಒಂದೂಕಾಲು ಗಂಟೆ, ಸ್ಕೂಟರಿನಲ್ಲಿ ಇಪ್ಪತ್ತೈದು ನಿಮಿಷ. ಹಳೇ ಕಾರು ತಗೊಳ್ಳೋಣ ಅಂದರೆ 2023ರ ಆಗಸ್ಟ್ ಕೊನೆಯಿಂದ ಇಡೀ ಲಂಡನ್ನಿಗೇ ಯೂಲೆಝ್ ಬಂದಿದೆ, ಹೊಗೆ ನಿಯಮಕ್ಕೆ ಹೊಂದದ ಗಾಡಿಗೆ ದಿನಕ್ಕೆ 12.50 ಪೌಂಡ್. ಹಾಗಾಗಿ ಸ್ಕೂಟರ್ ಕಳುವಾದರೆ ಹೋಗೋದು ಬರೀ ಗಾಡಿಯಲ್ಲ, ದಿನಕ್ಕೆ ಎರಡು ಗಂಟೆ ನಿದ್ದೆಯೂ ಹೋಗುತ್ತೆ. ಹೆದರಿಕೆ ಸುಳ್ಳಲ್ಲ. ಆ ಹೆದರಿಕೆಗೆ ಅಲಾರಾಂ ಮದ್ದಾ ಅನ್ನೋದಷ್ಟೇ ಮಾತು.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಅಲಾರಾಂ ಬೇರೆ, ಇಮ್ಮೊಬಿಲೈಸರ್ ಬೇರೆ. ಕೀಲಿಯೊಳಗಿನ ಚಿಪ್ ಗುರುತು ಸಿಗದಿದ್ದರೆ ಎಂಜಿನ್ ಸ್ಟಾರ್ಟ್ ಆಗದ ಹಾಗೆ ಮಾಡೋದು ಇಮ್ಮೊಬಿಲೈಸರ್. ಗಾಡಿ ಅಲುಗಿದರೆ, ವಾಲಿದರೆ ಕೂಗೋದು ಅಲಾರಾಂ. ಇಲ್ಲಿನ ಥ್ಯಾಚಮ್ ಸಂಸ್ಥೆಯ ವರ್ಗೀಕರಣದಲ್ಲಿ ಎರಡೂ ಇದ್ದರೆ ಕ್ಯಾಟಗರಿ 1, ಬರೀ ಇಮ್ಮೊಬಿಲೈಸರ್ ಆದರೆ ಕ್ಯಾಟಗರಿ 2. ಈಗಿನ ಹೋಂಡಾ ಪಿಸಿಎಕ್ಸ್‌ನಂಥ ಗಾಡಿಗಳಲ್ಲಿ ಸ್ಮಾರ್ಟ್ ಕೀ ಜೊತೆಗೇ ಇಮ್ಮೊಬಿಲೈಸರ್ ಬಂದಿರುತ್ತೆ, ಅದಕ್ಕೆ ಬೇರೆ ದುಡ್ಡಿಲ್ಲ. ಅಂದರೆ ಶೋರೂಮಿನವನು 290 ಪೌಂಡಿಗೆ ಮಾರ್ತಿರೋದು ಹೆಚ್ಚುಕಮ್ಮಿ ಶಬ್ದವನ್ನ ಮಾತ್ರ.

ಶಬ್ದ ಏನು ಮಾಡುತ್ತೆ? ನಮ್ಮ ಜೊತೆ ಒಂದೇ ಮನೆಯಲ್ಲಿದ್ದ ಹುಬ್ಬಳ್ಳಿಯ ಗೆಳೆಯನ ಗಾಡಿಗೆ ಅಲಾರಾಂ ಇತ್ತು. ನವೆಂಬರ್ ತಿಂಗಳು, ರಾತ್ರಿ ಎರಡು ಗಂಟೆ ಹೊತ್ತು. ಇಬ್ಬರು ಬಂದು ಹ್ಯಾಂಡಲ್ ತಿರುಚಿ ಸ್ಟೀರಿಂಗ್ ಲಾಕ್ ಮುರಿದರು, ವ್ಯಾನಿಗೆ ಎತ್ತಿ ಹಾಕಿಕೊಂಡು ಹೋದರು. ಇಂಥ ಸ್ಕೂಟರಿನ ತೂಕ ಸುಮಾರು 130 ಕೆಜಿ, ಇಬ್ಬರು ಗಟ್ಟಿ ಆಳುಗಳಿಗೆ ಅದೇನು ಮಹಾ? ಅಲಾರಾಂ ಚೆನ್ನಾಗಿಯೇ ಕೂಗಿತು. ಬೀದಿಯವರೂ ಕೇಳಿಸಿಕೊಂಡರು, ಮಾರನೇ ದಿನ ಮೂವರು ಅದನ್ನೇ ಹೇಳಿದರು. ಪರದೆ ಸರಿಸಿ ನೋಡಿದವರು ಮಾತ್ರ ಯಾರೂ ಇಲ್ಲ. ಗೆಳೆಯ ಆ ಹೊತ್ತಿಗೆ ನೈಟ್ ಡ್ಯೂಟಿಯಲ್ಲಿದ್ದ. "ಊರಾಗ ಆಗಿದ್ರ ಇಡೀ ಓಣಿ ಎದ್ದು ಬರ್ತಿತ್ತೋ ಮಾರಾಯಾ" ಅಂತ ಎರಡು ದಿನ ಅದನ್ನೇ ಹೇಳಿಕೊಂಡ.

ಅವನ ಮಾತು ನಿಜ. ದಾವಣಗೆರೆಯಲ್ಲಿ ನಮ್ಮ ಬೀದಿಯಲ್ಲಿ ಯಾರದ್ದೋ ಗಾಡಿ ಕೂಗಿದರೆ ಅದು ಯಾರ ಗಾಡಿ ಅಂತ ಎಲ್ಲರಿಗೂ ಗೊತ್ತು. ಯಾರಾದರೂ ಒಬ್ಬರು "ಯಾರೋ ಅದು?" ಅಂತ ಗದರಿಸಿಯೇ ಗದರಿಸ್ತಾರೆ. ಇಲ್ಲಿನವರು ಕೆಟ್ಟವರು ಅಂತಲ್ಲ. ಬಾಡಿಗೆ ಮನೆಗಳ ಬೀದಿ, ವರ್ಷಕ್ಕೊಮ್ಮೆ ಅರ್ಧ ಜನ ಬದಲಾಗ್ತಾರೆ, ಕೂಗೋ ಗಾಡಿ ಯಾರದ್ದು ಅಂತ ತಿಳಿಯೋದು ಹೇಗೆ? ಮೇಲಾಗಿ ನಿಜವಾದ ಕಳ್ಳನಿಗಿಂತ ಸುಳ್ಳು ಕೂಗೇ ಜಾಸ್ತಿ. ಗಾಳಿ ಜೋರಾದರೆ, ಲಾರಿ ಹೋದರೆ, ನರಿ ಸೀಟಿನ ಮೇಲೆ ಹತ್ತಿದರೆ ಕೂಗುತ್ತೆ. (ಲಂಡನ್ ನರಿಗಳಿಗೆ ಸ್ಕೂಟರ್ ಸೀಟು ಯಾಕೆ ಅಷ್ಟು ಇಷ್ಟವೋ!) ವಾರಕ್ಕೆ ಎರಡು ಸಲ ಸುಮ್ಮಸುಮ್ಮನೆ ಕೂಗಿದ ಮೇಲೆ ಮೂರನೇ ಸಲ ಎದ್ದು ಬರೋರು ಯಾರು?

ಹಾಗಂತ ಕಂಪನಿ ಅಲಾರಾಂ ಬರೀ ದಂಡ ಅಂತ ನಾನು ಹೇಳಲ್ಲ. ಹಾಕಿಸೋದೇ ಆದರೆ ಕಂಪನಿಯದ್ದೇ ಒಳ್ಳೇದು. ಆ ಗಾಡಿಗೆಂದೇ ಮಾಡಿದ ಕನೆಕ್ಟರ್ ಇರುತ್ತೆ, ಹೊರಗಿನವರ ಹಾಗೆ ವೈರು ಕತ್ತರಿಸಿ ಟೇಪು ಸುತ್ತೋದಿಲ್ಲ, ವಾರಂಟಿ ತಕರಾರು ಬರೋದಿಲ್ಲ. ಬಿಎಂಡಬ್ಲ್ಯೂನಂಥ ದೊಡ್ಡ ಬೈಕು ತಗೊಳ್ಳೋರು ಆರ್ಡರ್ ಮಾಡುವಾಗಲೇ ಸೇರಿಸಿಕೊಂಡರೆ ಅದಕ್ಕೊಂದು ಅರ್ಥವಿದೆ, ಹತ್ತು ಸಾವಿರ ಪೌಂಡಿನ ಮುಂದೆ ಅದೆಷ್ಟು? ನಿಮ್ಮ ಬೆಡ್‌ರೂಮ್ ಕಿಟಕಿ ಕೆಳಗೇ ಗಾಡಿ ನಿಲ್ಲುತ್ತೆ, ನೀವು ರಾತ್ರಿ ಮನೆಯಲ್ಲೇ ಇರ್ತೀರಿ ಅಂದರೂ ಸರಿ. ಕೇಳೋ ಕಿವಿ ನಿಮ್ಮದೇ ಆಗಿರುತ್ತೆ.

ಇನ್ಶೂರೆನ್ಸ್ ಕಮ್ಮಿ ಆಗುತ್ತೆ ಅನ್ನೋ ಮಾತನ್ನ ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಅಲಾರಾಂ ಇದೆ ಅಂತ ಒಂದು ಸಲ, ಇಲ್ಲ ಅಂತ ಒಂದು ಸಲ ಕೊಟೇಶನ್ ತೆಗೆದು ನೋಡಿ. ನನಗೆ ಬಂದ ವ್ಯತ್ಯಾಸ ವರ್ಷಕ್ಕೆ 11 ಪೌಂಡ್. ಆ ಲೆಕ್ಕದಲ್ಲಿ 290 ಪೌಂಡ್ ವಾಪಸ್ ಬರೋಕೆ ಇಪ್ಪತ್ತಾರು ವರ್ಷ ಬೇಕು, ಅಷ್ಟರಲ್ಲಿ ನಾನು ರಿಟೈರ್ ಆಗಿ ಊರಲ್ಲಿರ್ತೀನಿ. ಅಲಾರಾಂ ಇದೆ ಅಂತ ಫಾರಂನಲ್ಲಿ ಬರೆದ ಮೇಲೆ ಅದನ್ನ ಆನ್ ಮಾಡಿಯೇ ಇಡಬೇಕು, ಇಲ್ಲದಿದ್ದರೆ ಕ್ಲೈಮ್ ಹೊತ್ತಿಗೆ ಪ್ರಶ್ನೆ ಏಳಬಹುದು. ಪಾಲಿಸಿಯ ಸಣ್ಣಕ್ಷರ ಓದಿ.

ಚಿತ್ರದುರ್ಗದ ಹುಡುಗನಿಗೆ ಸಾಯಂಕಾಲ ನಾನು ಹೇಳಿದ್ದು ಇಷ್ಟು. ಅದೇ ದುಡ್ಡಲ್ಲಿ ಸೋಲ್ಡ್ ಸೆಕ್ಯೂರ್ ಗುರುತಿರೋ ದಪ್ಪ ಸರಪಳಿ ತಗೋ, ಮನೆ ಮಾಲೀಕರ ಒಪ್ಪಿಗೆ ಪಡೆದು ನೆಲಕ್ಕೊಂದು ಆ್ಯಂಕರ್ ಹಾಕಿಸು, ಮೇಲೊಂದು ಕವರ್ ಹೊದಿಸು. ಗ್ರೈಂಡರ್ ತಂದರೆ ಸರಪಳಿಯೂ ತುಂಡಾಗುತ್ತೆ, ಗೊತ್ತು. ಆದರೆ ಕಳ್ಳನಿಗೆ ಬೇಡದ್ದು ಗದ್ದಲಕ್ಕಿಂತ ತಡ. ಪಕ್ಕದಲ್ಲಿ ಸರಪಳಿ ಇಲ್ಲದ ಗಾಡಿ ನಿಂತಿದ್ದರೆ ಅವನು ಅದರ ಕಡೆ ಹೋಗ್ತಾನೆ. (ಹೀಗೆ ಹೇಳೋಕೆ ಮನಸ್ಸು ಒಪ್ಪಲ್ಲ, ಆದರೂ ನಡೆಯೋದು ಹಾಗೇ.) ಆಮೇಲೆ ಎದುರು ಮನೆಯವರ ಪರಿಚಯ ಮಾಡ್ಕೋ. ನಮ್ಮ ಎದುರುಗಡೆ ಪಂಜಾಬಿ ಅಜ್ಜಿ ಒಬ್ಬರಿದ್ದಾರೆ, ನಿದ್ದೆ ಕಮ್ಮಿ, ಕಿಟಕಿ ಪಕ್ಕವೇ ಕುರ್ಚಿ. ಯುಗಾದಿಗೆ ಒಬ್ಬಟ್ಟು ಕೊಟ್ಟು ಫೋನ್ ನಂಬರ್ ಕೊಟ್ಟು ಬಂದಿದ್ದೆ. ಮೇ ತಿಂಗಳಲ್ಲಿ ಯಾರೋ ಇಬ್ಬರು ನನ್ನ ಗಾಡಿಯ ಕವರ್ ಎತ್ತಿ ನೋಡ್ತಿದ್ದಾಗ ಅಜ್ಜಿ ಕಿಟಕಿ ತೆಗೆದು ಪಂಜಾಬಿಯಲ್ಲೇ ಬೈದರಂತೆ. ಆಮೇಲೆ ನನಗೆ ಫೋನು.

"ಅಷ್ಟೆಲ್ಲ ಹೇಳಿದ್ರೂ ನಂಗೆ ಅಲಾರಾಂ ಇದ್ರೇನೇ ಧೈರ್ಯ ಅಣ್ಣಾ" ಅಂದ. ಹಾಗಾದರೆ ಹಾಕಿಸು ಮಾರಾಯ, ದುಡ್ಡು ನಿಂದು, ಆದರೆ ಸರಪಳಿ ಆದಮೇಲೆ ಅಂದೆ. ಜೊತೆಗೆ ಇನ್ನೊಂದು ಮಾತು, ರಜೆಗೆ ಊರಿಗೆ ಹೋಗೋರಿಗೆಲ್ಲ ಇದು ಬೇಕು. ಅಲಾರಾಂ ಸುಮ್ಮನೆ ಕೂತಿದ್ದರೂ ಬ್ಯಾಟರಿ ಕುಡೀತಾ ಇರುತ್ತೆ. 5 ಮಿಲಿಆಂಪ್ ಎಳೆದರೆ ಮೂವತ್ತು ದಿನಕ್ಕೆ 3.6 ಆಂಪ್-ಅವರ್, ಸ್ಕೂಟರ್ ಬ್ಯಾಟರಿ ಇರೋದೇ ಸುಮಾರು 7. ಡಿಸೆಂಬರ್ ಚಳಿಯಲ್ಲಿ ಒಂದು ತಿಂಗಳು ನಿಲ್ಲಿಸಿ ಹೋದರೆ, ವಾಪಸ್ ಬಂದ ದಿನ ಸ್ಟಾರ್ಟ್ ಆಗದೇ ಇರಬಹುದು. ಒಂದು ಟ್ರಿಕಲ್ ಚಾರ್ಜರ್ ತಗೊಂಡು, ಮನೆಯಲ್ಲಿರೋ ಯಾರಿಗಾದರೂ ವಾರಕ್ಕೊಮ್ಮೆ ಹಾಕೋಕೆ ಹೇಳಿ ಹೋಗಿ.