ಗುಪ್ತ ಸಂಘಕ್ಕೆ ಸೇರುವ ಬಗೆ

ಹೆಂಗಸರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲವಂತೆ. ಇದು ಧರ್ಮರಾಯ ಕೊಟ್ಟ ಶಾಪ. ಕರ್ಣ ತನ್ನ ಒಡಹುಟ್ಟಿದವನೆಂದು ಯುದ್ಧವೆಲ್ಲ ಮುಗಿದ ಮೇಲೆ ತಾಯಿಯಿಂದ ತಿಳಿದಾಗ, ಸಂಕಟ ತಾಳಲಾರದೆ ಅವನು ಸ್ತ್ರೀಕುಲವನ್ನೇ ಶಪಿಸಿದನೆಂದು ಮಹಾಭಾರತದ ಶಾಂತಿಪರ್ವದಲ್ಲಿ ಬರುತ್ತದೆ. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ನಗು. ಮದುವೆಗೆ ಮೊದಲಿನ ಒಂದು ಮಾತನ್ನು ಪಾಂಡವರಿಗೆ ಸುಳಿವು ಸಿಗದಂತೆ ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಕಾಯ್ದವಳು ಕುಂತಿ. ಅವಳೆದುರಿಗೇ ನಿಂತು, ನಿಮಗೆ ಗುಟ್ಟು ಕಾಯಲು ಬರದಿರಲಿ ಎಂದರೆ ಏನು ಹೇಳೋಣ!

ಗುಟ್ಟಿನ ವಿಚಾರ ಈಗ ತಲೆಗೆ ಬರಲು ಕಾರಣ ನಮ್ಮ ಮನೆಯ ಊಟದ ಮೇಜು. ನಾನು ಬೆಳಗಾವಿಯ ಟಿಳಕವಾಡಿಯಲ್ಲಿದ್ದುಕೊಂಡು ಖಾನಾಪುರದ ಹೈಸ್ಕೂಲೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಸಿಗುವ ರಜೆ ರವಿವಾರದ್ದು ಒಂದೇ. ಆ ರವಿವಾರ ಮಧ್ಯಾಹ್ನ ನನ್ನ ತಂಗಿಯ ಮಗಳು ನಾಲ್ಕು ಗೆಳೆಯ ಗೆಳತಿಯರನ್ನು ಕಟ್ಟಿಕೊಂಡು ಬಂದು ಮೇಜು ಹಿಡಿದುಬಿಡುತ್ತಾಳೆ. ಕಾಗದ, ಪೆನ್ಸಿಲ್, ಬಣ್ಣಬಣ್ಣದ ದಾಳಗಳು. ನಮ್ಮ ಪಗಡೆಯ ದಾಳ ನೋಡಿದ ನನಗೆ ಇಪ್ಪತ್ತು ಮುಖದ ದಾಳ ಮೊದಲ ಸಲ ಕಂಡಾಗ ಪೇಪರ್‌ವೇಟ್ ಎಂದೇ ಅನಿಸಿತ್ತು.

ಆಟದ ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಅಮೇರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದದ್ದು. ಒಬ್ಬರು ಬಿಲ್ಲುಗಾರ್ತಿ, ಒಬ್ಬರು ಮಾಂತ್ರಿಕ, ಇನ್ನೊಬ್ಬರು ಕಳ್ಳ, ಹೀಗೆ ಒಂದೊಂದು ಪಾತ್ರ ಹಿಡಿದು ಬಾಯಲ್ಲೇ ಕಥೆ ನಡೆಸುತ್ತಾರೆ. ಕಥೆಗೆ ಒಬ್ಬ ಸೂತ್ರಧಾರ. ನಮ್ಮ ಬಯಲಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಅಡ್ಡ ನಿಂತು ನೀವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುವುದಿಲ್ಲವೆ? ಹಾಗೇ ಇದೂ. ವ್ಯತ್ಯಾಸವೆಂದರೆ ಇಲ್ಲಿ ಮುಂದಿನ ಮಾತು ಯಾರಿಗೂ ಬಾಯಿಪಾಠವಿಲ್ಲ. ಗೆಲ್ಲುವುದು ಸೋಲುವುದು ದಾಳದ ಮೇಲೆ, ಮಾಡುವುದು ಬಿಡುವುದು ಆಡುವವರ ಮನಸ್ಸಿನ ಮೇಲೆ. ನಮ್ಮ ಮನೆಯಲ್ಲಿ ಸೂತ್ರಧಾರಿಣಿ ನನ್ನ ತಂಗಿಯ ಮಗಳೇ.

ಒಂದು ರವಿವಾರ ಎಲ್ಲರೂ ಹೋದ ಮೇಲೆ ಅಡಿಗೆಮನೆಗೆ ಬಂದು ಕಟ್ಟೆಯ ಮೇಲೆ ಕುಳಿತಳು.

"ಮಾವಶಿ, ಇವರನ್ನೆಲ್ಲಾ ಒಂದು ಗುಪ್ತ ಸಂಘಕ್ಕ ಸೇರಸಬೇಕಾಗೇದ. ಹ್ಯಾಂಗ ಸೇರಸ್ಲಿ?"

ಅವಳೇ ಒಂದು ಉಪಾಯ ಮಾಡಿಕೊಂಡಿದ್ದಳು. ಮುಸುಕಿನವನೊಬ್ಬ ರಾತ್ರಿ ಬಂದು ಒಬ್ಬೊಬ್ಬರನ್ನೇ ಕರೆಯುತ್ತಾನೆ. ಸಂಘಕ್ಕೆ ಸೇರಬೇಕಾದರೆ ಜೊತೆಗಾರನ ಒಂದು ಪ್ರೀತಿಯ ವಸ್ತುವನ್ನು ಕದ್ದು ತರಬೇಕು. ತಂದವನು ಒಳಗೆ, ತಾರದವನು ಹೊರಗೆ.

ನನ್ನ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. ಆ ನಾಲ್ವರಲ್ಲಿ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ, ಖಾನಾಪುರದಾಚೆಯ ಕಾಡಂಚಿನ ಹಳ್ಳಿಯವಳು. ಪಿಯುಸಿ ಮುಗಿಸಿ ದೂರದ ಊರಿನ ಕಾಲೇಜೊಂದಕ್ಕೆ ಸೇರಿದ್ದಳು. ಹಾಸ್ಟೆಲಿನ ಮೂರನೆಯ ರಾತ್ರಿ ದೊಡ್ಡ ತರಗತಿಯ ಹುಡುಗಿಯರು ಹೊಸಬರನ್ನು ಸಾಲಾಗಿ ನಿಲ್ಲಿಸಿ, ಪಕ್ಕದವಳ ಕೆನ್ನೆಗೆ ಹೊಡೆ, ಹೊಡೆದರೆ ನೀನು ನಮ್ಮವಳು ಎಂದರಂತೆ. ಇವಳು ಹೊಡೆಯಲಿಲ್ಲ. ಆಮೇಲೆ ಇಪ್ಪತ್ತು ದಿನ ಅವಳೊಡನೆ ಯಾರೂ ಮಾತಾಡಲಿಲ್ಲ, ಅವಳು ಯಾರನ್ನು ಹೊಡೆಯಲಿಲ್ಲವೋ ಆ ಹುಡುಗಿಯೂ. ಟ್ರಂಕು ಹೊತ್ತುಕೊಂಡು ವಾಪಸು ಬಂದಳು. ರ್‍ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲೇ ನಿಯಮ ಮಾಡಿದೆ. ಮಕ್ಕಳಿಂದಲೂ ತಂದೆತಾಯಿಯರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಇವಳೂ ಬರೆದುಕೊಟ್ಟಿದ್ದಳು. ಹೊಡೆದ ಗುರುತು ಮೈಮೇಲೆ ಇಲ್ಲದಾಗ ಯಾರ ಮೇಲೆ ದೂರು ಕೊಡುವುದು? ಈಗ ಬೆಳಗಾವಿಯಲ್ಲೇ ಬಿ.ಎ. ಓದುತ್ತ ನಮ್ಮ ಮನೆಯಲ್ಲೇ ಇದ್ದಾಳೆ. ಈ ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು. ಇಂದು ಬರೆಯುತ್ತಿರುವುದು ಅವಳೇ "ಬರೀರಿ ಬಾಯಾರ" ಎಂದದ್ದರಿಂದ.

ಆದರೆ ಅಂದು ಹೇಳುವ ಹಾಗಿರಲಿಲ್ಲ. ಕುಂತಿಯನ್ನು ನೆನೆದು, ಸೂತ್ರಧಾರಿಣಿಗೆ ಬೇರೆ ದಾರಿಯಿಂದ ಹೇಳಿದೆ.

"ಕದಿಯೋ ಮಂದೀನ್ನ ನಂಬಿ ಗುಟ್ಟು ಹೇಳೋ ಸಂಘ ಎಷ್ಟು ದಿವಸ ಉಳದೀತು?"

ರಾಯಣ್ಣನ ಮಾತು ತೆಗೆದೆ. ಸಂಗೊಳ್ಳಿ ರಾಯಣ್ಣ 1830ರಲ್ಲಿ ನಮ್ಮ ಈ ಕಾಡುಗಳಲ್ಲೇ ಅಡಗಿ ಕಂಪನಿ ಸರಕಾರದ ಕಚೇರಿಗಳ ಮೇಲೆ ಬೀಳುತ್ತಿದ್ದವನು. ಅವನ ಜೊತೆಗಿದ್ದವರು ರೈತರು, ಓಲೆಕಾರರು, ಕಾಡಿನ ಜನ. ಎದುರಾಳಿಯ ಬಂದೂಕಿನಿಂದ ತಪ್ಪಿಸಿಕೊಂಡವನು ಕಡೆಗೆ ಸಿಕ್ಕಿಬಿದ್ದದ್ದು ನಂಬಿದವರ ಮೋಸದಿಂದ ಎಂದು ಜನ ಇಂದಿಗೂ ಹಾಡುತ್ತಾರೆ. 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದ ಹತ್ತಿರ ಗಲ್ಲಿಗೇರಿಸಿದರು. ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಹೆಂಗಸರು ತೊಟ್ಟಿಲು ಕಟ್ಟುವುದನ್ನು ನೀವೂ ನೋಡಿರಬಹುದು. ಗುಪ್ತವಾಗಿ ಕೆಲಸ ಮಾಡುವವರು ಹೊಸಬನನ್ನು ಪರೀಕ್ಷಿಸುವುದು ಪೊಗರಿಗಲ್ಲ, ಜೀವಕ್ಕೆ ಹೆದರಿ. ಹಾಗಿರುವಾಗ ಪರೀಕ್ಷೆ ಇರಬೇಕಾದದ್ದು ಜೊತೆಗಾರನಿಗೆ ದ್ರೋಹ ಬಗೆಯುವವನೇ ಎಂದು ನೋಡಲು. ಬಗೆಯುವುದನ್ನು ಕಲಿಸಲು ಅಲ್ಲ.

ಅವಳೂ ಸುಮ್ಮನಿರುವವಳಲ್ಲ, ಓದಿಕೊಂಡು ಬಂದಳು. ಫ್ರೀಮೇಸನ್ನರ ಕಥೆ ಹೇಳಿದಳು. ಅವರ ಸಭಾಗೃಹಕ್ಕೆ ನಮ್ಮ ದೇಶದ ಎಷ್ಟೋ ಊರುಗಳಲ್ಲಿ ಜನ ಇಟ್ಟ ಹೆಸರು ಜಾದೂಘರ್. 1892ರಲ್ಲಿ ಬೆಳಗಾವಿಗೆ ಬಂದು ತಂಗಿದ್ದ ಸ್ವಾಮಿ ವಿವೇಕಾನಂದರೂ ಸನ್ಯಾಸಕ್ಕೆ ಮೊದಲು, 1884ರಲ್ಲಿ, ಕಲಕತ್ತೆಯಲ್ಲಿ ಆ ಸಂಘಕ್ಕೆ ಸೇರಿದ್ದರಂತೆ. ಹೊಸಬನ ಕಣ್ಣಿಗೆ ಬಟ್ಟೆ, ಕೊರಳಿಗೆ ಹಗ್ಗ, ಮೈಮೇಲಿನ ಲೋಹವೆಲ್ಲ ಹೊರಗೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅವನನ್ನು ಕೇಳುವ ಒಂದು ಪ್ರಶ್ನೆ, ನೀನಾಗಿಯೇ ಬಂದಿದ್ದೀಯಾ ಎಂಬುದು. ನಿನ್ನ ಧರ್ಮಕ್ಕೆ, ಕರ್ತವ್ಯಕ್ಕೆ ವಿರುದ್ಧವಾದದ್ದು ಈ ಪ್ರಮಾಣದಲ್ಲಿ ಏನೂ ಇಲ್ಲವೆಂದು ಪ್ರಮಾಣಕ್ಕೆ ಮುಂಚೆಯೇ ಹೇಳುತ್ತಾರೆ. ಹೆಂಗಸರನ್ನು ಸೇರಿಸಿಕೊಳ್ಳದ ಸಂಘವಾದರೂ ಆ ಪ್ರಶ್ನೆ ನನಗೆ ಹಿಡಿಸಿತು.

ಆಮೇಲೆ ಅವಳು ಕಟ್ಟಿದ ಕಥೆ ಹೀಗೆ. ಖಾನಾಪುರದ ಭೀಮಗಡ ಕಾಡಿನಲ್ಲಿ ಬಾರಾಪೇಡೆ ಗುಹೆಗಳಿವೆಯಲ್ಲ, ಅಲ್ಲೊಂದು ಜಾತಿಯ ಬಾವಲಿ ಇದೆ. ಜಗತ್ತಿನಲ್ಲಿ ಅದು ಇಲ್ಲಿ ಮಾತ್ರ ಇದೆಯೆಂದು ಬಹುಕಾಲ ತಿಳಿದಿದ್ದರು. ಆಮೇಲೆ ಮೇಘಾಲಯದಲ್ಲಿಯೂ ಕಾಂಬೋಡಿಯಾದಲ್ಲಿಯೂ ಸಿಕ್ಕಿತು. ಆಟದ ಗುಪ್ತ ಸಂಘಕ್ಕೆ ಬಾವಲಿಯೇ ಗುರುತು. ಅರಸನ ಆಳುಗಳು ಹಳ್ಳಿಗಳ ನೀರಿನ ಸೆಲೆಗಳನ್ನು ಕಸಿದುಕೊಳ್ಳುತ್ತಿದ್ದಾರೆ. ಓಡಿಬಂದವರನ್ನು ಅಡಗಿಸಿ ದಾಟಿಸುವುದು ಸಂಘದ ಕೆಲಸ.

ಒಮ್ಮೆಲೇ ಕರೆಯಲಿಲ್ಲ. ಮೊದಲ ವಾರ ಛತ್ರದ ಬಾಗಿಲ ಚೌಕಟ್ಟಿನಲ್ಲಿ ಸೀಮೆಸುಣ್ಣದ ಬಾವಲಿ ಕಂಡಿತು, ಯಾರೂ ಲಕ್ಷ್ಯ ಕೊಡಲಿಲ್ಲ. ಎರಡನೆಯ ವಾರ ಕುಂಬಾರತಿಯೊಬ್ಬಳು, ಈ ಮಡಕೆಯನ್ನು ಒಡೆಯದೆ ನದಿಯಾಚೆ ಮುಟ್ಟಿಸಿ, ಒಳಗೇನಿದೆ ನೋಡಬೇಡಿ ಎಂದಳು. ಮಾಂತ್ರಿಕ ಇಣುಕಬೇಕೆಂದ, ಬಿಲ್ಲುಗಾರ್ತಿ ತಡೆದಳು. ಪರೀಕ್ಷೆ ಅಲ್ಲೇ ಮುಗಿದಿತ್ತು, ಅದು ಪರೀಕ್ಷೆಯೆಂದು ಅವರಿಗೆ ತಿಳಿದಿರಲಿಲ್ಲ. ಮೂರನೆಯ ವಾರ ಒಬ್ಬೊಬ್ಬರ ಕೈಗೂ ಮಡಚಿದ ಚೀಟಿ. ಅಂದು ಮೇಜಿನ ದೀಪ ಆರಿಸಿ ಒಂದು ಹಣತೆ ಇಟ್ಟಳು. ನಾನು ಅವಲಕ್ಕಿಯ ತಾಟು ಹಿಡಿದು ಬಾಗಿಲಲ್ಲೇ ನಿಂತೆ. ಗುಹೆಯ ಮುದುಕಿಯ ದನಿಯಲ್ಲಿ ಅವಳು ಒಬ್ಬೊಬ್ಬರನ್ನೇ ಕೇಳಿದಳು, "ನಿನ್ನ ಖುಷೀಲೆ ಬಂದೀಯೇನು?"

ಕಳ್ಳ, ಮಾಂತ್ರಿಕ, ಕಮ್ಮಾರ ಮೂವರೂ ಹೂಂ ಎಂದರು. ಬಿಲ್ಲುಗಾರ್ತಿ ನನ್ನ ಹುಡುಗಿಯೇ. ಅವಳು ಹಣತೆಯನ್ನೇ ನೋಡುತ್ತ ಕುಳಿತಿದ್ದಳು. ಬಹಳ ಹೊತ್ತಿನ ಮೇಲೆ "ಇಲ್ಲ. ನಾ ಒಳಗ ಬರೂದಿಲ್ಲ" ಎಂದಳು.

ಗೆಳೆಯರು ಗೊಣಗಿದರು. ಕಥೆ ಇಲ್ಲಿಗೇ ಮುರಿಯಿತೆಂದು ನನಗೂ ಅನಿಸಿತು. ನನ್ನ ತಂಗಿಯ ಮಗಳು ಮಾತ್ರ ಮುದುಕಿಯ ದನಿ ಬಿಡಲಿಲ್ಲ.

"ಆತು ಮಗಳ. ಬರಲಿಲ್ಲಂತ ನಿನ್ನ ಮ್ಯಾಲೆ ನಮಗ ಸಿಟ್ಟಿಲ್ಲ. ಹೊರಗ ಥಂಡಿ ಅದ, ಈ ಕಂಬಳಿ ತಗೋ. ಇವರು ಬರೂತನಕ ಬಾಗಲದಾಗ ಕೂಡತೀಯೇನು?"

ಬಿಲ್ಲುಗಾರ್ತಿ ಬಾಗಿಲು ಕಾಯ್ದಳು. ಒಳಗೆ ಹೋದವರಿಗೆ ಒಡೆದ ಹೆಂಚಿನ ಒಂದೊಂದು ಚೂರು ಸಿಕ್ಕಿತು. ಇನ್ನೊಂದು ಚೂರು ಯಾರಲ್ಲಿದೆಯೋ ಅವರು ತಮ್ಮವರು. ಆ ಚೂರು ಖಾನಾಪುರದಿಂದ ನಾನೇ ಆಯ್ದು ತಂದದ್ದು. ನಮ್ಮೂರ ಮಣ್ಣಿನ ಕೆಲಸಕ್ಕೆ ಹೆಸರಿದೆಯಷ್ಟೆ. ಮುಂದೆ ಎರಡು ವಾರ ಆಟ ನಡೆಯಿತು. ಅವಳು ಹೊರಗಿನವಳಾಗಿಯೇ ಇದ್ದಳು, ಯಾರೂ ಅವಳ ಜೊತೆ ಮಾತು ಬಿಡಲಿಲ್ಲ, ಬುತ್ತಿಯಲ್ಲಿ ಪಾಲು ತಪ್ಪಲಿಲ್ಲ. ಮೂರನೆಯ ರವಿವಾರ ಸರದಿ ಬಂದಾಗ ಅವಳು ದಾಳ ಎತ್ತಲಿಲ್ಲ. ಬೆರಳು ಮಡಚಿ ಮೇಜಿನ ಮೇಲೆ ಮೂರು ಸಲ ತಟ್ಟಿದಳು. "ಈಗ ಬಂದೀನಿ" ಎಂದಳು. ಅಂದು ರಾತ್ರಿ ಪಾತ್ರೆ ತೊಳೆಯುತ್ತ ನನ್ನ ತಂಗಿಯ ಮಗಳಿಗೆ ಹಾಸ್ಟೆಲಿನ ಕಥೆಯನ್ನು ತಾನೇ ಹೇಳಿದಳು. ನಾನು ಸೆರಗಿನಿಂದ ತಾಟು ಒರೆಸುತ್ತ ಸುಮ್ಮನೆ ನಿಂತಿದ್ದೆ.

ಬಾಗಿಲು ಹಾಕಿಕೊಂಡು ಆಡುವ ಮಕ್ಕಳನ್ನು ಕಂಡರೆ ನಮಗೆ ಗಾಬರಿ. ಏನು ಗುಟ್ಟು, ಯಾರ ಜೊತೆ ಎಂದು ಕೆದಕುತ್ತೇವೆ. ಗುಟ್ಟು ಇರಲಿ ಬಿಡಿ, ಅದು ಅವರ ಆಸ್ತಿ. ಸಂಘ ಗುಹೆಯದಿರಲಿ, ಹಾಸ್ಟೆಲಿನದಿರಲಿ, ಮದುವೆಯಾಗಿ ಹೋದ ಮನೆಯದೇ ಇರಲಿ, ನಮ್ಮ ಹುಡುಗಿಯರಿಗೆ ಒಂದು ಪ್ರಶ್ನೆ ಕಲಿಸಿದರೆ ಸಾಕು: ನಾನು ಒಲ್ಲೆ ಎಂದರೆ ಇವರು ನನ್ನನ್ನು ಹೇಗೆ ನೋಡುತ್ತಾರೆ? ಕಂಬಳಿ ಕೊಡುವವರ ಹತ್ತಿರ ಸೇರಬಹುದು. ಅದಕ್ಕೆ ದಾಳ ಉರುಳಿಸಬೇಕಾಗಿಲ್ಲ.