ಫಾರ್ಚುನರ್ ಯಾಕ ತಗೊಂಡೇವಂದ್ರ

“ಆ ರೊಕ್ಕದಾಗ ಹೊಲ ಬರ್ತಿತ್ತಲ್ಲ” ಅಂದ್ರು ನಮ್ಮ ವೈನಿ. ಬರ್ತಿತ್ತು, ಖರೆ. ಆದ್ರ ಅತ್ತಿಯವ್ರಿಗಿ ತಿಂಗ್ಳಿಗೊಮ್ಮೆ ಹೈದ್ರಾಬಾದ್ ದವಾಖಾನಿಗಿ ಒಯ್ಬೇಕು, ಹೊಲದ ಮ್ಯಾಲ ಕುಂದ್ರಿಸಿ ಒಯ್ಲಾಕ ಆಗ್ತದೇನ್ರಿ?

ಕಬ್ಬಿನ ಸೀಸನ್‌ದಾಗ ಭಾಲ್ಕಿ-ಬೀದರ ರೋಡ್ ನಿಮಗ ಗೊತ್ತೇ ಅದ. ಫ್ಯಾಕ್ಟರಿಗಿ ಹೊಂಟ ಡಬಲ್ ಟ್ರಾಲಿ ಟ್ರ್ಯಾಕ್ಟರ್, ಹಿಂದ ಒಂದ್ ಲೈಟ್ ಇರಂಗಿಲ್ಲ. ಹಳೇ ಸಣ್ಣ ಗಾಡಿದಾಗ ಐದ್ ಮಂದಿ ಕುಂತು, ಎಸಿ ಹಚ್ಚಿ ಅದನ್ನ ದಾಟ್ಲಾಕ ಹೋದ್ರ ಅರ್ಧಕ್ಕೇ ಉಸುರು ಬಿಡ್ತಿತ್ತು. ಎದುರಿಗಿ ಲಾರಿ! ನಾ ಕಣ್ ಮುಚ್ಚಿ ಹುಮನಾಬಾದ್ ವೀರಭದ್ರನ್ನ ನೆನಸ್ತಿದ್ದೆ. ಇದು 2.8 ಲೀಟರ್ ಡೀಸೆಲ್ ಇಂಜಿನ್, 204 ಪಿಎಸ್. ಎಕ್ಸಲರೇಟರ್ ಒತ್ತಿದ್ರ ಸರ್ರಂತ ಮುಂದ ಹೋಗ್ತದ. ರೊಕ್ಕ ಕೊಟ್ಟಿದ್ದು ಇದಕ್ಕೇ.

ಮನಿಯವ್ರು ಮೊದ್ಲೇ ತರಮಿ ಅಂದಿದ್ರು, ನಾನೇ ತಡದೆ. 2025ರ ಸೆಪ್ಟೆಂಬರ್ 22ಕ್ಕ ದೊಡ್ಡ ಗಾಡಿ ಟ್ಯಾಕ್ಸ್ ಸೆಸ್ ಹಿಡ್ದು 50 ಇದ್ದದ್ದು 40 ಪರ್ಸೆಂಟ್ ಆಯ್ತು, ಆಮ್ಯಾಲೇ ಬುಕ್ ಮಾಡೇವು. ರೋಡ್ ಟ್ಯಾಕ್ಸ್ ಉಳಿತದ, ತೆಲಂಗಾಣದಾಗ ಪಾಸಿಂಗ್ ಮಾಡಸ್ರಿ ಅಂದವ್ರು ಬಾಳ ಮಂದಿ. ಬ್ಯಾಡಂದೆ. ಇರೋದು ಭಾಲ್ಕಿದಾಗ, ಕೆಎ 39 ನಂಬರೇ ಇರ್ಲಿ.

ಡೀಸೆಲ್ ಬಾಳ ಕುಡೀತದ, ಕಡೀ ಸೀಟ್ ಇಕ್ಕಟ್ಟು, ಅದೂ ಹೇಳ್ತೀನಿ. ಅತ್ತಿಯವ್ರಿಗಿ ಹತ್ಲಾಕ ಎತ್ತರ ಆಗ್ತದಂತ ಡಿಕ್ಕಿದಾಗ ಒಂದ್ ಮಣಿ ಇಟ್ಟೇವಿ.